ಸಂತ ಡೇವಿಡ್ ದಿನಕ್ಕೆ ರಜೆ ಬೇಕಾ? ಸಹಿ ಹಾಕುವ ಮುನ್ನ ಹಾಕಬೇಕಾದ ಲೆಕ್ಕ

ಫೆಬ್ರವರಿ ಬಂತೆಂದರೆ ವೇಲ್ಸ್‌ನಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. ಮಾರ್ಚ್ 1ರ ಸಂತ ಡೇವಿಡ್ ದಿನಕ್ಕೆ ಸರ್ಕಾರಿ ರಜೆ ಕೊಡಿ ಅಂತ ಮನವಿ ಓಡಾಡುತ್ತಿದೆ, ಸಹಿ ಹಾಕೋದಾ, ಬೇಡ್ವಾ? ಈ ಸಲ ಮೂರು ಮನೆಯವರು ನನ್ನನ್ನೇ ಕೇಳಿದರು. ಒಬ್ಬರು ವೃದ್ಧಾಶ್ರಮದಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಇನ್ನೊಬ್ಬರದು ಐಟಿ. ಮೂರನೆಯವರದು ಸ್ವಂತ ಅಂಗಡಿ. ಮೂವರಿಗೂ ಒಂದೇ ಉತ್ತರ ಕೊಡಲು ನನಗೆ ಆಗಲಿಲ್ಲ. ಯಾಕೆಂದರೆ ‘ರಜೆ’ ಎಂಬ ಪದ ಒಂದೇ ಇದ್ದರೂ ಅದನ್ನು ಕೊಡುವ ದಾರಿ ಐದಾರು ಇವೆ. ಒಂದೊಂದು ದಾರಿಯಲ್ಲೂ ಲಾಭ ಆಗುವ ಜನ ಬೇರೆ.

ಮೊದಲು ವೇಲ್ಸ್‌ನ ಕಾವಲಿನ ಸಂತನಾದ ಈ ಡೇವಿಡ್ ಬಗ್ಗೆ ಎರಡು ಮಾತು. ವೆಲ್ಷ್ ಭಾಷೆಯಲ್ಲಿ ಆತ ದೆವಿ ಸಾಂಟ್. 6ನೇ ಶತಮಾನದ ಬಿಷಪ್. ಪೆಂಬ್ರೋಕ್‌ಶೈರ್‌ನ ಕಡಲಂಚಿನಲ್ಲಿ ಮಠ ಕಟ್ಟಿದ. ನೀರು, ರೊಟ್ಟಿ, ಸೊಪ್ಪು ಇಷ್ಟರಲ್ಲೇ ಬದುಕಿದ. ಅವನ ಮಠದಲ್ಲಿ ಎತ್ತು ಕಟ್ಟುತ್ತಿರಲಿಲ್ಲವಂತೆ, ಸನ್ಯಾಸಿಗಳೇ ನೇಗಿಲು ಎಳೆಯುತ್ತಿದ್ದರಂತೆ. ಅವನ ಹೆಸರಿನ ಊರು ಸೇಂಟ್ ಡೇವಿಡ್ಸ್ ಇವತ್ತು ಜನಸಂಖ್ಯೆಯಲ್ಲಿ ಬ್ರಿಟನ್ನಿನ ಅತಿ ಚಿಕ್ಕ ನಗರ. ಸಾಯುವ ಮುಂಚಿನ ಕೊನೆಯ ಪ್ರವಚನದಲ್ಲಿ ‘ಸಣ್ಣ ಸಣ್ಣ ಕೆಲಸಗಳನ್ನು ಮಾಡಿ’ ಎಂದು ಹೇಳಿದನಂತೆ. ಈ ಮಾತು ಇಲ್ಲಿನ ಮಕ್ಕಳ ಬಾಯಲ್ಲೂ ಇದೆ. ಅವನು ತೀರಿಕೊಂಡ ದಿನವೇ ಮಾರ್ಚ್ 1 ಎಂದು ನಂಬಿಕೆ.

ಈಗ ಅಳತೆಗೋಲು. ನಾನು ನೋಡುವುದು ಇವನ್ನು. ರಜೆ ಘೋಷಿಸಿದರೆ ನಿಜವಾಗಿ ಮನೆಯಲ್ಲಿ ಕೂರುವವರು ಯಾರು? ಅದರ ಸಂಬಳ ಯಾರ ಜೇಬಿನಿಂದ? ವರ್ಷದ ಯಾವ ಜಾಗದಲ್ಲಿ ಆ ದಿನ ಬೀಳುತ್ತದೆ? ಇಂಗ್ಲೆಂಡ್ ಗಡಿಯ ಆಚೆ ಈಚೆ ಓಡಾಡುವವರಿಗೆ ಏನಾಗುತ್ತದೆ? ಕೊನೆಗೆ, ಆ ದಿನದ ಸಡಗರ ಇದರಿಂದ ಹೆಚ್ಚುತ್ತದಾ, ಸೊರಗುತ್ತದಾ? ಈ ಐದರಲ್ಲಿ ಮೊದಲನೆಯದಕ್ಕೇ ನಾನು ಜಾಸ್ತಿ ತೂಕ ಕೊಡುತ್ತೇನೆ. ಕೊನೆಯದಕ್ಕೆ ಅದರ ನಂತರದ ಜಾಗ.

ಒಂಬತ್ತನೆಯ ಬ್ಯಾಂಕ್ ಹಾಲಿಡೇ

ಇಲ್ಲಿ ಸರ್ಕಾರಿ ರಜೆಗೆ ಬ್ಯಾಂಕ್ ಹಾಲಿಡೇ ಅನ್ನುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ವರ್ಷಕ್ಕೆ ಅವು 8. ಸ್ಕಾಟ್ಲೆಂಡಿಗೆ 9. ಉತ್ತರ ಐರ್ಲೆಂಡಿಗೆ 10. ಹಾಗಾಗಿ ಮನವಿಗಳಲ್ಲಿ ಎದ್ದು ಕಾಣುವ ಬೇಡಿಕೆ ನಮಗೂ ಒಂಬತ್ತನೆಯದು ಕೊಡಿ ಎಂಬುದು. ಕೇಳಲು ನ್ಯಾಯವಾಗಿಯೇ ಇದೆ.

ಆದರೆ ಇಲ್ಲಿ ಹೊಸದಾಗಿ ಬಂದವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನಮ್ಮ ಊರಲ್ಲಿ ಸರ್ಕಾರಿ ರಜೆ ಅಂದರೆ ಕಚೇರಿ, ಶಾಲೆ, ಬ್ಯಾಂಕ್ ಬಾಗಿಲು ಹಾಕುತ್ತವೆ, ಅಷ್ಟೇ ಲೆಕ್ಕ. ಇಲ್ಲಿ ಬ್ಯಾಂಕ್ ಹಾಲಿಡೇ ದಿನ ಸಂಬಳ ಸಹಿತ ರಜೆ ಕೊಡಲೇಬೇಕು ಎಂಬ ಕಾನೂನೇ ಇಲ್ಲ. ಕಾನೂನು ಕೊಡುವುದು ವರ್ಷಕ್ಕೆ 5.6 ವಾರ, ಅಂದರೆ ವಾರಕ್ಕೆ ಐದು ದಿನ ದುಡಿಯುವವರಿಗೆ 28 ದಿನ. ಆ 28ರ ಒಳಗೇ ಬ್ಯಾಂಕ್ ಹಾಲಿಡೇಗಳನ್ನು ಮಾಲೀಕರು ಸೇರಿಸಿಕೊಳ್ಳಬಹುದು. ಕಡಿಮೆ ಸಂಬಳದ ಕೆಲಸಗಳಲ್ಲಿ ಹೀಗೆ ಸೇರಿಸುವುದು ಸಾಮಾನ್ಯ. 20 ದಿನ ನಿಮ್ಮ ಇಷ್ಟದ್ದು, 8 ದಿನ ಬ್ಯಾಂಕ್ ಹಾಲಿಡೇ.

ಈಗ ಒಂಬತ್ತನೆಯದು ಬಂತು ಅಂದುಕೊಳ್ಳಿ. 28 ಹಾಗೇ ಉಳಿದರೆ ಏನಾಗುತ್ತದೆ? 19 ಮತ್ತು 9. ಅಷ್ಟೇ. ಊರಿಗೆ ಹೋಗಲು ಕೂಡಿಟ್ಟ ಒಂದು ದಿನ ಕಳೆದುಹೋಯಿತು. ಅದರ ಬದಲು ಮಾರ್ಚ್ 1ರ ಚಳಿಯಲ್ಲಿ ಒಂದು ದಿನ ಸಿಕ್ಕಿತು. ಬೆಂಗಳೂರಿಗೋ ಹುಬ್ಬಳ್ಳಿಗೋ ಮೂರು ವಾರ ಹೋಗಿಬರಲು ಒಂದೊಂದೇ ದಿನ ಎಣಿಸುವವರಿಗೆ ಇದು ಸಣ್ಣ ವಿಷಯ ಅಲ್ಲ.

2023ರ ಮೇ 8ರಂದು ರಾಜನ ಪಟ್ಟಾಭಿಷೇಕಕ್ಕೆಂದು ಹೆಚ್ಚುವರಿ ರಜೆ ಘೋಷಿಸಿದ್ದರಲ್ಲ, ಆವತ್ತು ವೃದ್ಧಾಶ್ರಮದ ನಮ್ಮ ಗೆಳತಿಗೆ ಬೆಳಗ್ಗೆ ಏಳಕ್ಕೆ ಶಿಫ್ಟ್. ಮಾಮೂಲಿ ಸಂಬಳ. ಬದಲಿ ದಿನವೂ ಇಲ್ಲ. ಕಾಂಟ್ರ್ಯಾಕ್ಟ್ ತೆಗೆದು ನೋಡಿದರೆ ‘ಬ್ಯಾಂಕ್ ಹಾಲಿಡೇ ಸೇರಿ 28 ದಿನ’ ಎಂದಿತ್ತು. ಮಗುವಿನ ಶಾಲೆ ಮಾತ್ರ ಮುಚ್ಚಿತ್ತು. ಮಗುವನ್ನು ನೋಡಿಕೊಳ್ಳಲು ಗಂಡ ತನ್ನದೊಂದು ರಜೆ ಹಾಕಿದ. ಅಂದರೆ ದೇಶಕ್ಕೆಲ್ಲ ರಜೆ ಸಿಕ್ಕ ದಿನ ಆ ಮನೆ ಒಂದು ರಜೆ ಕಳೆದುಕೊಂಡಿತು. ಇದನ್ನು ಹತ್ತಿರದಿಂದ ನೋಡಿದ ಮೇಲೆ ‘ಇನ್ನೊಂದು ರಜೆ ಬಂದರೆ ಯಾರಿಗೇನು ನಷ್ಟ’ ಎಂದು ಸುಮ್ನೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹಾಗಂತ ಈ ದಾರಿಯನ್ನು ತಳ್ಳಿಹಾಕುವ ಹಾಗೂ ಇಲ್ಲ. ತಾರೀಖಿನ ವಿಷಯದಲ್ಲಿ ಮಾರ್ಚ್ 1 ಒಳ್ಳೆಯ ಜಾಗದಲ್ಲಿದೆ. ಜನವರಿ 1 ಮುಗಿದರೆ ಗುಡ್ ಫ್ರೈಡೇವರೆಗೆ ವೇಲ್ಸ್‌ಗೆ ಒಂದೂ ರಜೆ ಇಲ್ಲ. ಮೂರು ತಿಂಗಳ ಕತ್ತಲೆ, ಮಳೆ. ನಡುವೆ ಒಂದು ಹಬ್ಬ ಬಂದರೆ ಜೀವಕ್ಕೆ ಹಿತ. ಇಂಗ್ಲೆಂಡಿನ ಸಂತ ಜಾರ್ಜ್‌ನ ಏಪ್ರಿಲ್ 23ಕ್ಕೆ ಈ ಅನುಕೂಲ ಇಲ್ಲ. ಈಸ್ಟರ್ ಕೆಲವು ವರ್ಷ ಅದರ ಮೇಲೇ ಬಂದು ಕೂರುತ್ತದೆ. ಆಗ ಚರ್ಚೇ ಸಂತನ ದಿನವನ್ನು ಮುಂದಕ್ಕೆ ಹಾಕುತ್ತದೆ. ಹಿಂದೆಯೇ ಮೇ ತಿಂಗಳ ಎರಡು ಸೋಮವಾರಗಳು. ಲಂಡನ್, ಬರ್ಮಿಂಗ್‌ಹ್ಯಾಮ್ ಕಡೆಯ ಗೆಳೆಯರು ನಮಗೂ ಇದೇ ಲೆಕ್ಕ ಹೊಂದುತ್ತದಾ ಅಂತ ಕೇಳಿದರೆ, ತಾರೀಖಿನ ಮಟ್ಟಿಗೆ ಹೊಂದುವುದಿಲ್ಲ ಎಂದೇ ಹೇಳುತ್ತೇನೆ.

ಐಟಿಯವರಿಗೆ, ಸರ್ಕಾರಿ ಕೆಲಸದವರಿಗೆ ಈ ಆಯ್ಕೆ ಒಳ್ಳೆಯದೇ. ಅವರ ಕಾಂಟ್ರ್ಯಾಕ್ಟಿನಲ್ಲಿ ಸಾಮಾನ್ಯವಾಗಿ ‘25 ದಿನ, ಜೊತೆಗೆ ಬ್ಯಾಂಕ್ ಹಾಲಿಡೇ’ ಎಂಬ ಥರದ ಸಾಲು ಇರುತ್ತದೆ. ಅವರಿಗೆ ನಿಜವಾಗಿಯೂ ಒಂದು ದಿನ ಹೆಚ್ಚು ಸಿಗುತ್ತದೆ. ಆ ಸಾಲಿನಲ್ಲಿ ‘8 ಬ್ಯಾಂಕ್ ಹಾಲಿಡೇ’ ಎಂದು ಸಂಖ್ಯೆ ಬರೆದಿದ್ದರೆ ಮಾತ್ರ ಹುಷಾರು. ಒಂಬತ್ತನೆಯದು ಅದರೊಳಗೆ ಬರುವುದಿಲ್ಲ ಅಂತ ಮಾಲೀಕರು ಹೇಳಬಹುದು.

ಮೇ ಸೋಮವಾರ ಕೊಟ್ಟು ಮಾರ್ಚ್ 1 ತೆಗೆದುಕೊಳ್ಳುವುದು

ಖರ್ಚು ಆಗಬಾರದು ಎನ್ನುವವರ ಮೆಚ್ಚಿನ ದಾರಿ ಇದು. ಮೇ ತಿಂಗಳ ಮೊದಲ ಸೋಮವಾರದ ರಜೆ ಶುರುವಾದದ್ದು 1978ರಲ್ಲಿ. ಅಂದರೆ ಅದೇನೂ ಅಜ್ಜನ ಕಾಲದ್ದಲ್ಲ. 2020ರಲ್ಲಿ ಅದನ್ನು ಮಹಾಯುದ್ಧ ಮುಗಿದ 75ನೇ ವರ್ಷಕ್ಕೆಂದು ಶುಕ್ರವಾರಕ್ಕೆ ಸರಿಸಿದ್ದರು. ಹಾಗಾಗಿ ಅಲುಗಾಡಿಸಬಾರದ ದಿನವೂ ಅಲ್ಲ. 2006ರ ಒಂದು ಸಮೀಕ್ಷೆಯಲ್ಲಿ ವೇಲ್ಸ್‌ನ ಶೇ. 87 ಜನ ಮಾರ್ಚ್ 1 ರಜೆ ಬೇಕು ಅಂದಿದ್ದರು. ಅದಕ್ಕಾಗಿ ಬೇರೊಂದು ರಜೆ ಬಿಡಲೂ ತಯಾರು ಅಂದವರು ಶೇ. 65.

ಆದರೆ ಅದಲುಬದಲು ಮಾಡಿದರೆ ಗಡಿಯ ಸಮಸ್ಯೆ ಎರಡರಷ್ಟಾಗುತ್ತದೆ. ವೇಲ್ಸ್‌ನ ರೆಕ್ಸಮ್‌ನಿಂದ ಇಂಗ್ಲೆಂಡಿನ ಚೆಸ್ಟರ್‌ಗೆ, ಹಾಗೇ ನ್ಯೂಪೋರ್ಟ್‌ನಿಂದ ಬ್ರಿಸ್ಟಲ್‌ಗೆ ದಿನಾ ಕೆಲಸಕ್ಕೆ ಹೋಗುವವರು ಬಹಳ. ಹೆಚ್ಚುವರಿ ರಜೆಯಾದರೆ ವರ್ಷದಲ್ಲಿ ಒಂದು ದಿನ ಮಾತ್ರ ಅಪ್ಪನ ಕೆಲಸಕ್ಕೂ ಮಗುವಿನ ಶಾಲೆಗೂ ತಾಳೆಯಾಗುವುದಿಲ್ಲ. ಬದಲಾಯಿಸಿದರೆ ಎರಡು ದಿನ. ಮಾರ್ಚ್‌ನಲ್ಲಿ ಮಗು ಮನೆಯಲ್ಲಿ, ಅಪ್ಪ ಆಫೀಸಿನಲ್ಲಿ. ಮೇನಲ್ಲಿ ಅಪ್ಪ ಮನೆಯಲ್ಲಿ, ಮಗು ಶಾಲೆಯಲ್ಲಿ. ಜೊತೆಗೆ ಮೇ ಅಂದರೆ ಬಿಸಿಲು, ಹೊರಗೆ ಹೋಗುವ ಕಾಲ. ಅದನ್ನು ಕೊಟ್ಟು ಮಾರ್ಚ್‌ನ ಗಾಳಿ ತೆಗೆದುಕೊಳ್ಳುವುದು ನನಗಂತೂ ಒಪ್ಪುವುದಿಲ್ಲ. ಅಂಗಡಿಯವರಿಗೂ ಇದರಲ್ಲಿ ನಷ್ಟವೇ. ಬಿಸಿಲಿನ ಮೂರು ದಿನದ ವಾರಾಂತ್ಯದಲ್ಲಿ ಆಗುವ ವ್ಯಾಪಾರ ವಾರದ ನಡುವೆ ಬೀಳುವ ಒಂದು ದಿನದಲ್ಲಿ ಆಗುವುದಿಲ್ಲ.

ಸ್ಕಾಟ್ಲೆಂಡ್ ಮಾಡಿದ್ದು

ನವೆಂಬರ್ 30 ಸಂತ ಆಂಡ್ರ್ಯೂ ದಿನ. ಸ್ಕಾಟ್ಲೆಂಡ್ ಸಂಸತ್ತು 2007ರಲ್ಲಿ ಕಾನೂನು ಮಾಡಿ ಅದನ್ನು ಬ್ಯಾಂಕ್ ಹಾಲಿಡೇ ಮಾಡಿತು. ಡೆನಿಸ್ ಕೆನವನ್ ಎಂಬ ಸದಸ್ಯರು ಹಟ ಹಿಡಿದು ತಂದ ಮಸೂದೆ ಅದು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಆದರೆ ಬ್ಯಾಂಕುಗಳೂ ಆವತ್ತು ಮುಚ್ಚಲೇಬೇಕೆಂದಿಲ್ಲ, ಮಾಲೀಕರು ರಜೆ ಕೊಡಲೇಬೇಕೆಂದಿಲ್ಲ. ಬೇರೊಂದು ರಜೆಯ ಬದಲಿಗೆ ಬೇಕಾದರೆ ಇದನ್ನು ತೆಗೆದುಕೊಳ್ಳಿ ಎಂಬ ಥರದ ಏರ್ಪಾಡು. ಅಲ್ಲಿನ ಸರ್ಕಾರಿ ನೌಕರರಿಗೆ ರಜೆ ಇದೆ, ಅಂಗಡಿ ಮುಂಗಟ್ಟಿನಲ್ಲಿ ದುಡಿಯುವ ಎಷ್ಟೋ ಜನರಿಗೆ ಇಲ್ಲ.

ಕ್ಯಾಲೆಂಡರಿನಲ್ಲಿ ಹೆಸರು ಬಂತು ಎಂಬುದಕ್ಕೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಒಂದು ನಾಡು ತನ್ನ ದಿನವನ್ನು ತಾನೇ ಗುರುತಿಸಿಕೊಂಡಿತು ಎಂಬ ಹೆಮ್ಮೆ ಅದು. ನವೆಂಬರ್ 1ರ ಬೆಲೆ ತಿಳಿದ ನಮಗೆ ಇದು ಅರ್ಥವಾಗುತ್ತದೆ. ಆದರೆ ನನ್ನ ಮೊದಲ ಅಳತೆಗೋಲಿನಲ್ಲಿ ಇದು ಪಾಸಾಗುವುದಿಲ್ಲ.

ವೇಲ್ಸ್‌ಗೆ ಈ ಅಧಿಕಾರವೂ ಇಲ್ಲ. ಸ್ಕಾಟ್ಲೆಂಡ್ ತನ್ನ ರಜೆ ತಾನೇ ತೀರ್ಮಾನಿಸಬಹುದು. ವೇಲ್ಸ್‌ನ ರಜೆ ತೀರ್ಮಾನ ಆಗುವುದು ಲಂಡನ್ನಿನಲ್ಲಿ, 1971ರ ಕಾಯಿದೆಯ ಪ್ರಕಾರ. 2000ದಲ್ಲಿ ವೇಲ್ಸ್ ಅಸೆಂಬ್ಲಿ ಒಮ್ಮತದಿಂದ ರಜೆ ಕೇಳಿತು. ಸಿಗಲಿಲ್ಲ. ಮುಂದೆಯೂ ಕೇಳಿದಾಗೆಲ್ಲ ಇಲ್ಲ ಎಂದೇ ಉತ್ತರ. 2022ರಲ್ಲಿ ಕೊಟ್ಟ ಕಾರಣ ಗಡಿ ದಾಟಿ ಕೆಲಸಕ್ಕೆ ಹೋಗುವವರಿಗೆ, ಅವರನ್ನು ನೆಚ್ಚಿದ ಉದ್ಯಮಗಳಿಗೆ ತೊಂದರೆ ಎಂಬುದು. ತೊಂದರೆ ಇದೆ, ನಿಜ. ಆದರೆ ಸ್ಕಾಟ್ಲೆಂಡಿಗೂ ಇಂಗ್ಲೆಂಡಿನ ಜೊತೆ ಗಡಿ ಇದೆ. ಜನವರಿ 2 ಅಲ್ಲಿ ರಜೆ, ಇಂಗ್ಲೆಂಡಿನಲ್ಲಿ ಇಲ್ಲ. ಅದನ್ನು ಎರಡೂ ಕಡೆಯವರು ಸಂಭಾಳಿಸಿಕೊಂಡು ಬಂದಿದ್ದಾರೆ ಅಲ್ವಾ?

ಐರ್ಲೆಂಡಿನ ದಾರಿ

ಕಡಲಿನ ಆಚೆ ನೋಡಿದರೆ ಇನ್ನೊಂದು ಮಾದರಿ ಸಿಗುತ್ತದೆ. ಮಾರ್ಚ್ 17ರ ಸಂತ ಪ್ಯಾಟ್ರಿಕ್ ದಿನ ಅಲ್ಲಿ 1903ರಿಂದಲೇ ರಜೆ. ಮುಂದೆ ಎಷ್ಟೋ ದಶಕ ಆ ದಿನ ಪಬ್‌ಗಳು ಬಾಗಿಲು ಹಾಕಬೇಕಿತ್ತು. ಇವತ್ತು ನಾವು ಕಾಣುವ ಹಸಿರು ಟೋಪಿಯ ಗದ್ದಲ ಆಮೇಲೆ ಬಂದದ್ದು.

ನನಗೆ ಹೆಚ್ಚು ಪಾಠ ಕಾಣುವುದು ಸಂತ ಬ್ರಿಜಿಡ್‌ಳ ದಿನದಲ್ಲಿ. 2023ರಲ್ಲಿ ಐರ್ಲೆಂಡ್ ಅವಳ ಹೆಸರಿನಲ್ಲಿ ಹೊಸ ರಜೆ ತಂದಿತು. ಹೆಣ್ಣಿನ ಹೆಸರಿನಲ್ಲಿ ಅಲ್ಲಿ ಬಂದ ಮೊದಲ ಸಾರ್ವಜನಿಕ ರಜೆ ಅದು. ನಿಜವಾದ ದಿನ ಫೆಬ್ರವರಿ 1. ರಜೆ ಮಾತ್ರ ಫೆಬ್ರವರಿಯ ಮೊದಲ ಸೋಮವಾರ. 1ನೇ ತಾರೀಖು ಶುಕ್ರವಾರವೇ ಬಂದರೆ ಆ ಶುಕ್ರವಾರ. ಜನರಿಗೆ ಮೂರು ದಿನ ಒಟ್ಟಿಗೆ ಸಿಗುತ್ತದೆ, ವಾರದ ನಡುವೆ ಕೆಲಸ ತುಂಡಾಗುವುದಿಲ್ಲ.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ಐರ್ಲೆಂಡಿನಲ್ಲಿ ಸಾರ್ವಜನಿಕ ರಜೆ ಕೆಲಸಗಾರರ ಹಕ್ಕು. ಒಂದೋ ಆ ದಿನ ಸಂಬಳದ ರಜೆ, ಇಲ್ಲವೇ ಬೇರೊಂದು ದಿನ, ಇಲ್ಲವೇ ಒಂದು ದಿನದ ಹೆಚ್ಚಿನ ಸಂಬಳ. ಇದರಲ್ಲಿ ಯಾವುದು ಎಂಬುದನ್ನು ಮಾಲೀಕರು ಆರಿಸಬಹುದು, ಆದರೆ ಯಾವುದೂ ಕೊಡದೆ ಇರುವ ಹಾಗಿಲ್ಲ. ನಮ್ಮ ವೃದ್ಧಾಶ್ರಮದ ಗೆಳತಿ ಡಬ್ಲಿನ್‌ನಲ್ಲಿ ಇದ್ದಿದ್ದರೆ ರಜೆಯ ದಿನ ದುಡಿದದ್ದಕ್ಕೆ ಅವಳ ಕೈಗೆ ಏನಾದರೂ ಸಿಗುತ್ತಿತ್ತು. ಮೊದಲ ಅಳತೆಗೋಲಿನಲ್ಲಿ ಈ ದಾರಿಯೇ ಎಲ್ಲಕ್ಕಿಂತ ಮುಂದೆ. ಖರ್ಚೂ ಜಾಸ್ತಿ. ನಾಲ್ಕು ಜನರನ್ನು ಇಟ್ಟುಕೊಂಡ ಸಣ್ಣ ಅಂಗಡಿಗೆ ಆ ಹೊರೆ ತಟ್ಟುತ್ತದೆ. ಅಂಗಡಿಯ ಗೆಳೆಯನಿಗೆ ಇದನ್ನು ನಾನು ಮುಚ್ಚಿಡಲಿಲ್ಲ.

ನಮ್ಮ ಕರ್ನಾಟಕದಲ್ಲೂ ಖಾಸಗಿ ಕಾರ್ಖಾನೆ, ಕಂಪನಿಗಳಿಗೆ 1963ರ ಒಂದು ಕಾಯಿದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವು ಕಡ್ಡಾಯ. ಇದರ ಮೇಲೆ ಇನ್ನೂ ಐದು ಹಬ್ಬದ ರಜೆ. ಬಸವ ಜಯಂತಿ, ಕನಕ ಜಯಂತಿ, ವಾಲ್ಮೀಕಿ ಜಯಂತಿ ಸರ್ಕಾರಿ ರಜೆ ಪಟ್ಟಿಯಲ್ಲಿವೆ. ಆದರೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳಿಗೆ ಅವು ಸಿಗಬೇಕೆಂದರೆ ಆ ಐದರೊಳಗೆ ಬರಬೇಕು. ದಿನದ ಹೆಸರು ದೊಡ್ಡದಾಗಿದ್ದರೂ ಅದು ಯಾರ ಮನೆಗೆ ತಲುಪುತ್ತದೆ ಎಂಬ ಪ್ರಶ್ನೆ ಅಲ್ಲೂ ಇಲ್ಲೂ ಒಂದೇ.

ಕೌನ್ಸಿಲ್ ತಾನೇ ಕೊಡುವುದು

ಲಂಡನ್ ಒಪ್ಪದಿದ್ದಾಗ ವಾಯವ್ಯ ವೇಲ್ಸ್‌ನ ಗ್ವಿನೆದ್ ಕೌನ್ಸಿಲ್ 2022ರಲ್ಲಿ ತನ್ನ ನೌಕರರಿಗೆ ತಾನೇ ಮಾರ್ಚ್ 1 ರಜೆ ಕೊಟ್ಟಿತು. ಯಾರ ಅಪ್ಪಣೆಗೂ ಕಾಯಲಿಲ್ಲ. ನಿಮ್ಮ ಕಂಪನಿಯಲ್ಲೂ ಇದನ್ನು ಕೇಳಬಹುದು. ಕಾನೂನು ಬದಲಾಗಬೇಕಿಲ್ಲ, ಮ್ಯಾನೇಜರ್ ಒಪ್ಪಿದರೆ ಸಾಕು. ಬೇಗ ಆಗುವ ಕೆಲಸ ಇದೊಂದೇ. ಆದರೆ ಅದು ಆ ಒಂದು ಸಂಸ್ಥೆಯವರಿಗೆ ಮಾತ್ರ. ಕೌನ್ಸಿಲಿನ ದುಡ್ಡು ಅಂದರೆ ನಮ್ಮದೇ ತೆರಿಗೆ ಎಂಬ ಗೊಣಗಾಟವೂ ಬರುತ್ತದೆ.

ರಜೆಯೇ ಇಲ್ಲದೆ ಹಬ್ಬ

ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನ ಮನಸ್ಸು ಎರಡು ಕಡೆ ಎಳೆದದ್ದು ಇಲ್ಲೇ.

ಸ್ಪೇನ್‌ನಲ್ಲಿ ಅಕ್ಕಪಕ್ಕದ ಎರಡು ಪ್ರಾಂತ್ಯಗಳಿವೆ, ಅರಗಾನ್ ಮತ್ತು ಕ್ಯಾಟಲೋನಿಯಾ. ಎರಡಕ್ಕೂ ಕಾವಲಿನ ಸಂತ ಒಬ್ಬನೇ, ಅದೇ ಜಾರ್ಜ್. ಏಪ್ರಿಲ್ 23 ಅರಗಾನ್‌ನಲ್ಲಿ ರಜೆ. ಕ್ಯಾಟಲೋನಿಯಾದಲ್ಲಿ ಕೆಲಸದ ದಿನ. ಆದರೆ ಪ್ರಪಂಚಕ್ಕೆ ಗೊತ್ತಿರುವುದು ಕ್ಯಾಟಲೋನಿಯಾದ ಹಬ್ಬವೇ. ಆವತ್ತು ಬಾರ್ಸಿಲೋನಾದ ಬೀದಿಗಳ ತುಂಬ ಪುಸ್ತಕದ ಮೇಜುಗಳು, ಗುಲಾಬಿ ಬುಟ್ಟಿಗಳು. ಕೆಲಸಕ್ಕೆ ಹೊರಟವರು, ಊಟದ ಬಿಡುವಿನಲ್ಲಿ ಬಂದವರು, ಶಾಲೆ ಬಿಟ್ಟ ಮಕ್ಕಳು ಎಲ್ಲರೂ ಆ ಬೀದಿಗಳಲ್ಲೇ. ಒಬ್ಬರಿಗೊಬ್ಬರು ಪುಸ್ತಕ, ಹೂವು ಕೊಡುತ್ತಾರೆ. ಯುನೆಸ್ಕೊ 1995ರಲ್ಲಿ ಅದೇ ತಾರೀಖನ್ನು ವಿಶ್ವ ಪುಸ್ತಕ ದಿನ ಮಾಡಲು ಈ ಹಬ್ಬವೇ ಪ್ರೇರಣೆ. ಜನ ಊರಿನಲ್ಲೇ ಇರುವ ದಿನವಾದ್ದರಿಂದಲೇ ಅದು ಹೀಗೆ ಬೆಳೆಯಿತು ಎಂದು ನನಗೆ ಅನಿಸುತ್ತದೆ. ರಜೆ ಕೊಟ್ಟಿದ್ದರೆ ಅರ್ಧ ಊರು ಕಡಲ ತೀರಕ್ಕೆ ಹೋಗುತ್ತಿತ್ತೇನೋ.

ವೇಲ್ಸ್‌ನ ಮಾರ್ಚ್ 1 ಕೂಡ ಹೀಗೆಯೇ ಶಾಲೆಯ ಹಬ್ಬ. ನನ್ನ ಮಗಳು ಬೆಳಗ್ಗೆ ಕೆಂಪು ಶಾಲು, ಕರಿ ಟೋಪಿ ಹಾಕಿಕೊಂಡು ಹೊರಡುತ್ತಾಳೆ. ಹುಡುಗರ ಅಂಗಿಗೆ ಲೀಕ್ ಸೊಪ್ಪು, ಹುಡುಗಿಯರಿಗೆ ಹಳದಿ ಡ್ಯಾಫೊಡಿಲ್. ಹಾಡು, ಕವಿತೆ ಓದುವ ಸ್ಪರ್ಧೆ, ಮಧ್ಯಾಹ್ನ ಕವ್ಲ್ ಎಂಬ ಬಿಸಿ ಸಾರು. ಅವಳ ತರಗತಿಯಲ್ಲಿ ಸೊಮಾಲಿ ಮಕ್ಕಳಿದ್ದಾರೆ, ಬಂಗಾಳಿ ಮಕ್ಕಳಿದ್ದಾರೆ, ಮಲಯಾಳಿ ಮಕ್ಕಳಿದ್ದಾರೆ. 2021ರ ಜನಗಣತಿಯಲ್ಲಿ ವೇಲ್ಸ್‌ನ ಶೇ. 46.5 ಜನ ಧರ್ಮ ಇಲ್ಲ ಅಂತ ಬರೆಸಿದರು, ಕ್ರೈಸ್ತರು ಅಂದವರು ಶೇ. 43.6. ಆದರೂ ಒಬ್ಬ ಬಿಷಪ್‌ನ ದಿನ ಎಲ್ಲ ಮಕ್ಕಳ ದಿನವಾಗಿದೆ. ಅದನ್ನು ಮಾಡಿದ್ದು ಶಾಲೆ. ಆ ದಿನ ಶಾಲೆಗೆ ಬೀಗ ಬಿದ್ದರೆ ನನ್ನ ಮಗಳಿಗೆ ಆ ಹಾಡು ಯಾರು ಕಲಿಸುತ್ತಾರೆ? ನನಗಂತೂ ವೆಲ್ಷ್ ಬರುವುದಿಲ್ಲ.

ನಮ್ಮ ಕಡೆ ಇದಕ್ಕೊಂದು ಉಪಾಯ ಇತ್ತು. ಆಗಸ್ಟ್ 15 ರಜೆ. ಆದರೂ ಬೆಳಗ್ಗೆ ಬಿಳಿ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೋಗಿ, ಧ್ವಜ ಹಾರಿಸಿ, ಸಿಹಿ ಈಸಿಕೊಂಡು ಬರುತ್ತಿದ್ದೆವು. ರಜೆಯೂ ಇತ್ತು, ಹಬ್ಬವೂ ಇತ್ತು. ಬ್ರಿಟನ್ನಿನಲ್ಲಿ ರಜೆಯ ದಿನ ಶಾಲೆಗೆ ಬರುವ ರೂಢಿಯೇ ಇಲ್ಲ. ಉತ್ತರ ಪ್ರದೇಶ ಸರ್ಕಾರ 2017ರಲ್ಲಿ ಮಹನೀಯರ ಹೆಸರಿನ 15 ರಜೆಗಳನ್ನು ತೆಗೆದು, ಆ ದಿನ ಶಾಲೆಯಲ್ಲೇ ಮಕ್ಕಳಿಗೆ ಅವರ ಬಗ್ಗೆ ಹೇಳಿಕೊಡಲಿ ಎಂದಿತ್ತು. ಆ ತೀರ್ಮಾನದ ರಾಜಕೀಯ ಏನೇ ಇರಲಿ, ಶಾಲೆಯ ಮಾತು ನನಗೆ ಸರಿ ಎನಿಸುತ್ತದೆ.

ಇಲ್ಲಿನ ಕನ್ನಡಿಗರಿಗೂ ರಜೆ ಇಲ್ಲದ ಹಬ್ಬ ಹೊಸದಲ್ಲ. ರಾಜ್ಯೋತ್ಸವವನ್ನು ನವೆಂಬರ್‌ನ ಯಾವುದೋ ಶನಿವಾರ ಮಾಡುತ್ತೇವೆ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ 2015ರಿಂದ ಬಸವಣ್ಣನ ಪ್ರತಿಮೆ ಇದೆ. ಬಸವ ಜಯಂತಿಗೆ ಅಲ್ಲಿ ಹೂಮಾಲೆ ಹಾಕಲು ರಜೆ ಹಾಕಿಯೋ ಬಿಡುವು ಮಾಡಿಕೊಂಡೋ ಹೋಗಬೇಕು. ಹೋಗುವವರು ಮನಸ್ಸಿಟ್ಟು ಹೋಗುತ್ತಾರೆ. ಆದರೆ ಇದಕ್ಕೂ ಒಂದು ಮಿತಿ ಇದೆ. ಬಿಡುವು ಮಾಡಿಕೊಳ್ಳಲು ಆಗುವವರು ಮಾತ್ರ ಬರುತ್ತಾರೆ. ಶಿಫ್ಟಿನಲ್ಲಿ ಇರುವವರು ಬರುವುದಿಲ್ಲ.

ಹಾಗಾದರೆ ಯಾವುದು?

ನಾನು ಆರಿಸಿಕೊಂಡದ್ದು ಹೀಗೆ. 28 ದಿನವನ್ನು 29 ಮಾಡಿ, ಅದರ ಜೊತೆಗೆ ಮಾರ್ಚ್ 1ಕ್ಕೆ ರಜೆ ಕೊಡುವ ಪ್ರಸ್ತಾಪ ಬಂದರೆ ಎರಡೂ ಕೈಯಲ್ಲಿ ಸಹಿ ಹಾಕುತ್ತೇನೆ. ಶಾಲೆಯ ಹಬ್ಬವನ್ನು ಹಿಂದಿನ ದಿನವೇ ಮಾಡಿಕೊಳ್ಳಲಿ. ಬರೀ ಒಂಬತ್ತನೆಯ ಬ್ಯಾಂಕ್ ಹಾಲಿಡೇ ಅಂತಿದ್ದರೆ ಹಾಕುವುದಿಲ್ಲ. ಆಗ ನನಗೆ ಕ್ಯಾಟಲೋನಿಯಾದ ದಾರಿಯೇ ಮೇಲು. ಶಾಲೆ ತೆರೆದಿರಲಿ, ಮಧ್ಯಾಹ್ನದ ಕಾರ್ಯಕ್ರಮಕ್ಕೆ ಅಪ್ಪ ಅಮ್ಮ ಹೋಗಲು ಕಂಪನಿಗಳು ಎರಡು ಗಂಟೆ ಬಿಡಲಿ.

ನಿಮ್ಮ ಉತ್ತರ ಬೇರೆ ಇರಬಹುದು. ಕಾಂಟ್ರ್ಯಾಕ್ಟಿನಲ್ಲಿ ‘ಜೊತೆಗೆ ಬ್ಯಾಂಕ್ ಹಾಲಿಡೇ’ ಅಂತಿದ್ದು, ಮಕ್ಕಳು ದೊಡ್ಡವರಾಗಿದ್ದರೆ ನಿಮಗೆ ಒಂಬತ್ತನೆಯ ರಜೆ ಲಾಭವೇ. ಸಂಬಳದ ಲೆಕ್ಕ ಬಿಗಿಯಾಗಿರುವ ಅಂಗಡಿಯವರಿಗೆ ಐರ್ಲೆಂಡಿನ ಥರ ಸೋಮವಾರಕ್ಕೆ ಸರಿಸಿದ ರಜೆ, ವಾರದ ನಡುವಿನದಕ್ಕಿಂತ ಹಗುರ. ಮಗು ಚಿಕ್ಕದಿದ್ದು ಇಬ್ಬರೂ ದುಡಿಯುವ ಮನೆಯಾದರೆ ಇನ್ನೊಂದು ವಿಷಯ ನೆನಪಿಡಿ. ಫೆಬ್ರವರಿಯ ಹಾಫ್ ಟರ್ಮ್, ಅಂದರೆ ಶಾಲೆಯ ಒಂದು ವಾರದ ನಡುರಜೆ ಮುಗಿದು ಮಾರ್ಚ್ 1ಕ್ಕೆ ಹೆಚ್ಚು ದಿನ ಇರುವುದಿಲ್ಲ. ಒಂದು ವಾರ ಮಗುವನ್ನು ನೋಡಿಕೊಳ್ಳಲು ಪರದಾಡಿದ ಮೇಲೆ ಮತ್ತೊಂದು ದಿನ. ವಿಶ್ವವಿದ್ಯಾಲಯ, ಕೌನ್ಸಿಲ್ ಥರದ ದೊಡ್ಡ ಸಂಸ್ಥೆಯಲ್ಲಿ ಇರುವವರು ಗ್ವಿನೆದ್‌ನ ಉದಾಹರಣೆ ಹಿಡಿದು ಈ ವರ್ಷವೇ ಕೇಳಿ ನೋಡಬಹುದು.

ಮನವಿ ಕೈಗೆ ಬಂದಾಗ ಎರಡು ಕಡೆ ಕಣ್ಣು ಹಾಯಿಸಿ. ಅದು ಯಾರಿಗೆ ಬರೆದದ್ದು? ವೇಲ್ಸ್‌ನ ಸಂಸತ್ತಾದ ಸೆನೆದ್‌ಗೆ ಬರೆದು ನೇರವಾಗಿ ರಜೆ ಕೇಳಿದ್ದರೆ ಅವರ ಕೈಯಲ್ಲಿ ಅದು ಇಲ್ಲ. ಆ ಅಧಿಕಾರ ನಮಗೆ ಕೊಡಿ ಅಂತ ಲಂಡನ್ನನ್ನು ಒತ್ತಾಯಿಸಿ ಎಂದು ಕೇಳಿದ್ದರೆ ಅದಕ್ಕೆ ಅರ್ಥ ಇದೆ. ಲಂಡನ್ ಸಂಸತ್ತಿಗೆ ಹೋಗುವ ಮನವಿಯಾದರೆ 10,000 ಸಹಿಗೆ ಸರ್ಕಾರ ಉತ್ತರ ಕೊಡುತ್ತದೆ, 1,00,000 ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ಎರಡನೆಯದು, ಅದರಲ್ಲಿ ‘ಬ್ಯಾಂಕ್ ಹಾಲಿಡೇ’ ಎಂಬ ಪದ ಮಾತ್ರ ಇದೆಯಾ, ಅಥವಾ 28 ದಿನದ ಮಾತೂ ಇದೆಯಾ? ಇಲ್ಲದಿದ್ದರೆ ಬರೆದವರಿಗೆ ಒಂದು ಸಾಲು ಸೇರಿಸಲು ಹೇಳಿ. ವೃದ್ಧಾಶ್ರಮದ ಗೆಳತಿಗೆ ನಾನು ಹೇಳಿದ್ದು ಇದನ್ನೇ. ಅವಳು ಆ ಸಾಲು ಬರೆದು ಕಳಿಸಿದ್ದಾಳೆ. ಉತ್ತರ ಬಂದ ಮೇಲೆ ಸಹಿ ಹಾಕುತ್ತಾಳಂತೆ.